ಕಮಾನಂಗಡಿಯ ಆರು ಬಾಗಿಲು

ನಾನು ಈ ಊರಿಗೆ ಬಂದದ್ದು ಬೀಗ ಮಾರಲು. ಈ ಮಾತು ಹೇಳಿದಾಗಲೆಲ್ಲ ಇಲ್ಲಿಯ ಜನ ಇವತ್ತಿಗೂ ನಗುತ್ತಾರೆ. ನಾನೂ ಕೂಡಿ ನಗುತ್ತೇನೆ. ಆಗ ನನ್ನ ಗಡ್ಡ ಇನ್ನೂ ಬೆಳ್ಳಗಾಗಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂದು ಕಡೆ ನಿಲ್ಲಲು ಮನಸ್ಸಾಗದೆ, ಹೆಗಲಿಗೆ ಹಿತ್ತಾಳೆ ಬೀಗಗಳ ಚೀಲ, ಕೈಯಲ್ಲಿ ಕೀಲಿಕೈ ತಿಕ್ಕುವ ಅರದ ಪೆಟ್ಟಿಗೆ ಹಿಡಿದು ಊರೂರು ತಿರುಗುತ್ತಿದ್ದೆ. ಬಸ್ಸಿನಿಂದ ಇಳಿದು, ಪೇಟೆಯ ನಡುವೆ ಅರಿವೆ ಹಾಸಿ, ಬೀಗಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಜೋಡಿಸಿ ಕೂತೆ. ಬಿಸಿಲು ಇಳಿಯುವವರೆಗೆ ಒಬ್ಬರೂ ಬೆಲೆ ಕೇಳಲಿಲ್ಲ. ನಿಂತು ನೋಡುವರು, "ಛಲೋ ಅದಾವ" ಎನ್ನುವರು, ಹೋಗುವರು. ಒಬ್ಬಾಕೆ ಮಾತ್ರ ಸಣ್ಣದೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಎಮ್ಮೆಕರುವಿನ ಕೊರಳಿಗೆ ಕಟ್ಟಿದರೆ ಸಪ್ಪಳ ಬರುತ್ತದೆಯೇ ಎಂದು ವಿಚಾರಿಸಿದಳು.

"ಈ ಊರಾಗ ಕೀಲಿ ನಿಲ್ಲಂಗಿಲ್ಲೋ ಅಣ್ಣಾ," ಎಂದು ಎದುರಿಗೆ ರೊಟ್ಟಿ ಬಡಿಯುತ್ತ ಕೂತಿದ್ದ ಹೆಂಗಸು ಕೊನೆಗೆ ಕನಿಕರಪಟ್ಟು ಹೇಳಿದಳು. ಆಕೆಯೇ ಬಾಳವ್ವ. "ಒತ್ತಿದ್ರ ಹತ್ತತೈತಿ. ಮಾರಿ ಆಕಡೆ ಮಾಡಿದ್ರ ಬಿಚ್ಚತೈತಿ. ಚಿಲಕಾನೂ ಹಂಗ, ಅಗಳಿನೂ ಹಂಗ."

ನಾನು ನಂಬಲಿಲ್ಲ. ನನ್ನ ಚೀಲದಲ್ಲಿದ್ದ ಎಲ್ಲಕ್ಕಿಂತ ಗಟ್ಟಿ ಬೀಗವನ್ನು ಒತ್ತಿ, ಎಳೆದು ನೋಡಿ, ಅರಿವೆಯ ಮೇಲಿಟ್ಟು ಬೇರೆ ಕಡೆ ನೋಡಿದೆ. ಕಟಕ್ಕೆಂದಿತು. ತಿರುಗಿದರೆ ಅದು ಆಕಳಿಸುವ ಬಾಯಿಯ ಹಾಗೆ ತೆರೆದು ಬಿದ್ದಿತ್ತು.

ಇಲ್ಲಿಯವರು ಇದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಒಂದೊಂದು ಊರಿನ ನೀರು ಉಪ್ಪಿರುತ್ತದೆ, ಒಂದೊಂದು ಊರಿನಲ್ಲಿ ಗಾಳಿ ಜೋರು, ಹಾಗೆಯೇ ಇದು. ಮನೆ ಬಿಟ್ಟು ಎಲ್ಲರೂ ಒಟ್ಟಿಗೆ ಹೊರಡುವಂತಿಲ್ಲ, ಒಬ್ಬರು ಹೊಸ್ತಿಲಲ್ಲಿ ಕೂತಿರಬೇಕು, ಅಷ್ಟೇ. ದಾರಿಯಲ್ಲಿ ಎದುರಾದವರು ಊಟವಾಯಿತೇ ಎಂದು ಕೇಳುವುದಿಲ್ಲ, "ಮನ್ಯಾಗ ಯಾರ್ ಕುಂತಾರ?" ಎಂದು ಕೇಳುತ್ತಾರೆ. ಮನೆಯಲ್ಲಿ ಸಾಕಷ್ಟು ಜನ ಇಲ್ಲದವರಿಗಾಗಿ ಕೂರುವುದನ್ನೇ ಕಸುಬು ಮಾಡಿಕೊಂಡ ಹೆಂಗಸರಿದ್ದಾರೆ. ಸೂಲಗಿತ್ತಿ ಎಂದಂತೆ ಅವರಿಗೆ ಹೊಸ್ತಿಲಗಿತ್ತಿ ಎಂದು ಹೆಸರು. ಬ್ಯಾಂಕಿನ ತಿಜೋರಿಯ ಮುಂದೆ ಮ್ಯಾನೇಜರರ ಅತ್ತೆ ಕೂತು ದೇವರ ಬತ್ತಿ ಹೊಸೆಯುತ್ತಾರೆ. ಠಾಣೆಯಲ್ಲಿ ಕಳ್ಳನೂ ಪೊಲೀಸನೂ ಎದುರುಬದುರು ಕೂತು ಚೌಕಾಬಾರ ಆಡುತ್ತಾರೆ. ಕೂತವರ ಕಣ್ಣು ತಪ್ಪಿಸಿ ಒಯ್ದವನಷ್ಟೇ ಕಳ್ಳ. ಯಾರೂ ಕೂರದ ಜಾಗದಲ್ಲಿ ಇದ್ದದ್ದು ಬಿಟ್ಟುಹೋದದ್ದು ಎಂದು ಲೆಕ್ಕ, ಅದನ್ನು ಯಾರಾದರೂ ಎತ್ತಿಕೊಳ್ಳಬಹುದು. ಈ ಊರಿನ ಯಾವ ಮದುವೆಯ ಫೋಟೋದಲ್ಲೂ ಮನೆಯ ಒಬ್ಬರು ಇರುವುದಿಲ್ಲ. ನೋಡಿದವರು ಮೊದಲು ಅವರನ್ನೇ ಹುಡುಕಿ, "ಓ, ಈ ಸಲ ಸಣ್ಣಕಾಕಾ ಕುಂತಾನ" ಎಂದುಕೊಳ್ಳುತ್ತಾರೆ.

ಅಂದು ಸಂಜೆ ಬಾಳವ್ವ ನನಗೆ ಎರಡು ರೊಟ್ಟಿ, ಪುಂಡಿಪಲ್ಯ ಕೊಟ್ಟು, "ಮಲಗಾಕ ಜಾಗಾ ಬೇಕಂದ್ರ ಕಮಾನಂಗಡಿಗೆ ಹೋಗು, ಸಾವ್ಕಾರ್ರು ಒಬ್ಬರ ಅದಾರ" ಎಂದು ದಾರಿ ತೋರಿಸಿದಳು.

ಕಮಾನಂಗಡಿ ಪೇಟೆಯ ತುದಿಯಲ್ಲಿತ್ತು. ಮೂರು ಅಂತಸ್ತು. ಮುಂದೆ ಕಲ್ಲಿನ ಕಮಾನುಗಳ ಸಾಲು, ಒಳಗೆ ಎತ್ತರದಲ್ಲಿ ಗಾಜು ಹೊದಿಸಿದ ದೊಡ್ಡ ಅಂಗಳ, ಅದರ ಸುತ್ತ ಮಹಡಿಗಳಲ್ಲಿ ತೇಗದ ಸರಳುಗಳ ಕಟಾಂಜನ, ಅದರ ಹಿಂದೆ ಸಾಲು ಸಾಲು ಕೋಣೆಗಳು. ಜವಳಿ ಗಂಟುಗಳನ್ನು ಮೇಲಕ್ಕೆ ಎಳೆಯಲು ಹಗ್ಗ, ರಾಟೆ ಹಾಕಿದ ಒಂದು ಕಟ್ಟಿಗೆಯ ಗೂಡು ಇತ್ತು, ಅದಕ್ಕೆ ತೊಟ್ಟಿಲು ಎನ್ನುತ್ತಿದ್ದರು. ಒಂದು ಕಾಲಕ್ಕೆ ಸುತ್ತಲಿನ ಸೀಮೆಗೆಲ್ಲ ಸೀರೆ, ಧೋತರ, ಖಣ, ಕಂಬಳಿ ಇಲ್ಲಿಂದಲೇ ಸಗಟಾಗಿ ಹೋಗುತ್ತಿತ್ತಂತೆ. ಹೊಸ ರಸ್ತೆ ಊರಿನ ಹೊರಗಿನಿಂದ ಹಾದುಹೋದ ಮೇಲೆ ವ್ಯಾಪಾರ ಅತ್ತ ನಡೆಯಿತು. ಬಾಡಿಗೆಯ ವ್ಯಾಪಾರಿಗಳು ಒಬ್ಬೊಬ್ಬರಾಗಿ ಎದ್ದುಹೋದರು. ಆರು ದೊಡ್ಡ ಬಾಗಿಲುಗಳ ಆ ಕಟ್ಟಡದಲ್ಲಿ ಮಾಲೀಕ ಸೋಮಲಿಂಗಪ್ಪ ಸಾವಕಾರರು ಒಬ್ಬರೇ ಉಳಿದರು. ಅಂಗಳದ ನಡುವೆ, ಆರೂ ಬಾಗಿಲು ಕಾಣುವ ಜಾಗದಲ್ಲಿ ಗಾದಿ ಹಾಕಿಸಿಕೊಂಡು ಕೂತಿದ್ದರು.

ನಾನು ಒಳಗೆ ಕಾಲಿಟ್ಟಾಗ ಅವರು ಕತ್ತು ಮುಂದೆ ಚಾಚಿ, "ಯಾರದು? ಹತ್ರ ಬಾ" ಎಂದರು. ನನ್ನ ಚೀಲ ನೋಡಿ ನಕ್ಕರು.

"ನಿನ್ನ ಕೀಲಿ ನನಗ ಬ್ಯಾಡ. ನಿನ್ನ ಕಣ್ಣು ಬೇಕು," ಎಂದರು. "ನನ್ನ ಕಣ್ಣಿಗೆ ಪೊರಿ ಬಂದೈತಿ. ಹಿಂದಿನ ಬಾಗಲಾ ಮೂರೂ ನನಗ ಕಾಣಂಗಿಲ್ಲ. ನೀ ಆಕಡೆ ಕುಂದ್ರತೀಯೇನು? ಊಟಾ ಹಾಕ್ತೀನಿ, ಮ್ಯಾಲೆ ಯಾವ ಖೋಲಿ ಬೇಕು ಅದನ್ನ ತಗೋ."

ಹೆಸರು ಕೇಳಿದ್ದು ಆಮೇಲೆ. ರಾಜೇಸಾಬ ಎಂದೆ. "ಹಂಗಾರ ರಾಜೇಸಾಬ, ಕುಂದ್ರು," ಎಂದರು. ಅಂದಿನಿಂದ ನಾನು ಕೂತೆ.

ನಮ್ಮಿಬ್ಬರ ನಡುವೆ ಅಷ್ಟು ದೊಡ್ಡ ಅಂಗಳವಿತ್ತು. ಅವರು ಮುಂದಿನ ಮೂರು ಬಾಗಿಲು ನೋಡುತ್ತ ಗಾದಿಯ ಮೇಲೆ, ನಾನು ಹಿಂದಿನ ಮೂರಕ್ಕೆ ಮುಖಮಾಡಿ ಒಂದು ಹಳೆಯ ಮಣೆಯ ಮೇಲೆ. ಎದ್ದು ಹತ್ತಿರ ಹೋಗಿ ಮಾತಾಡುವಂತಿರಲಿಲ್ಲ. ಹಾಗಾಗಿ ಇಡೀ ದಿನ ಕೂಗಿ ಮಾತಾಡುತ್ತಿದ್ದೆವು. "ರಾಜೇಸಾಬ, ಇವತ್ತ ಬದನಿಕಾಯಿ ಮಾಡೂಣೇನು?" ಎಂದು ಅವರು ಒದರಿದರೆ ಗಾಜಿನ ಚಾವಣಿ ಮುಟ್ಟಿ, ಮೂರೂ ಮಹಡಿ ಸುತ್ತಿ, ಬದನಿಕಾಯಿ ಬದನಿಕಾಯಿ ಎಂದು ನನ್ನ ಹತ್ತಿರ ಬರುತ್ತಿತ್ತು. ಹೊರಗೆ ಹೋಗುವ ಜನ ನಿಂತು ನಗುತ್ತಿದ್ದರು. ಸಾವಕಾರರ ಮನಸ್ಸಿನ ಮಾತುಗಳನ್ನೂ ನಾನು ಕೇಳಿದ್ದು ಹಾಗೆಯೇ. ಎದುರಿಗೆ ಕೂತು ಪಿಸುಗುಟ್ಟಬೇಕಾದದ್ದನ್ನು ಅವರು ಊರಿಗೆ ಡಂಗುರ ಹೊಡೆದಂತೆ ಹೇಳುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ಮಹಾನಂದಾ. ದೂರದ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹೆಡ್‌ಮಿಸ್ ಆಗಿದ್ದರು. ಅವರ ಮದುವೆಯ ದಿನ ಸಾವಕಾರರು ಮಂಟಪಕ್ಕೆ ಹೋಗಲಿಲ್ಲ. ಆಗಲೇ ವ್ಯಾಪಾರಿಗಳೆಲ್ಲ ಬಿಟ್ಟುಹೋಗಿದ್ದರು, ಒಳಗೆ ಮಾಲು ಮಾತ್ರ ಇನ್ನೂ ಇತ್ತು. ಆರು ಬಾಗಿಲಿಗೆ ಯಾರನ್ನು ಕೂರಿಸುವುದು? ಕೊನೆಗೆ ಮೆರವಣಿಗೆಯನ್ನೇ ಕಮಾನಂಗಡಿಯ ಮುಂದೆ ನಿಲ್ಲಿಸಿದರಂತೆ. ಸಾವಕಾರರು ಹೊಸ್ತಿಲವರೆಗೆ ಬಂದು ಅಲ್ಲಿಂದಲೇ ಅಕ್ಷತೆ ಎಸೆದರಂತೆ. "ಗಾಳಿ ಇತ್ತು ರಾಜೇಸಾಬ," ಎಂದು ಕೂಗುತ್ತಿದ್ದರು, "ಅಕ್ಕಿಕಾಳು ಆಕಿನ ಮಟ್ಟಾನೂ ಹೋಗಲಿಲ್ಲ."

ಕೆಲವು ವರ್ಷ ನಾವು ಹಾಗೆ ಕೂತೆವು. ಒಂದು ದಿನ ಮಧ್ಯಾಹ್ನ ನಾನು ಏನನ್ನೋ ಕೂಗಿ ಕೇಳಿದೆ, ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಸಾವಕಾರರು ಲೋಡಿಗೆ ಒರಗಿ, ಮುಂಬಾಗಿಲ ಕಡೆ ಮುಖವಿಟ್ಟು ಹೋಗಿಬಿಟ್ಟಿದ್ದರು. ಅವರು ಹೊಸ್ತಿಲು ದಾಟಿದ್ದನ್ನು ನಾನು ಕಂಡದ್ದು ಮರುದಿನ ಮಾತ್ರ. ಅವರ ಪದ್ಧತಿಯಂತೆ ಕುಳ್ಳಿರಿಸಿಯೇ ಒಯ್ದರು. ನಾನು ಮಣ್ಣಿಗೆ ಹೋಗಲಿಲ್ಲ. ಯಾರಾದರೂ ಕೂರಬೇಕಾಗಿತ್ತಲ್ಲ.

ಮಹಾನಂದಾ ಅಕ್ಕಾರು ಕಾರ್ಯ ಮುಗಿಸಿ ನನ್ನ ಹತ್ತಿರ ಬಂದರು. ಅತ್ತಂತೆ ಕಾಣಲಿಲ್ಲ. ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸಿ, "ಈ ಕಟ್ಟಡಾ ನಮ್ಮಪ್ಪನ್ನ ತಿಂತ್ರಿ ಸಾಬ್ರ," ಎಂದರು. "ಇದನ್ನ ತಗೋಳೋರು ಸಿಗೂತನಕ ಕುಂದ್ರ್ರಿ. ಆಮ್ಯಾಲೆ ಯಾರೂ ಕುಂದ್ರೂದು ಬ್ಯಾಡ."

"ನನ್ನ ಒಬ್ಬನ ಕಡೆಯಿಂದ ಆಗೂದಿಲ್ಲರಿ ಅಕ್ಕಾರ. ಮಂದಿ ಕೂಡಿಸ್ಕೋಳ್ಲೇನು?"

"ಏನಾರ ಮಾಡ್ರಿ," ಎಂದು ಬಸ್ಸಿಗೆ ಹೋದರು.

ಸಾವಕಾರರು ಅಲ್ಲಿಯೇ ಹುಟ್ಟಿ ಬೆಳೆದವರು. ಕಣ್ಣು ಚೆನ್ನಾಗಿದ್ದಾಗ ಆರೂ ಬಾಗಿಲನ್ನು ಒಂದೇ ನೋಟದಲ್ಲಿ ಹಿಡಿಯುತ್ತಿದ್ದರಂತೆ. ನನಗೆ ಅದು ಬರಲಿಲ್ಲ. ನಾನು ಚಹಾ ಕಾಸುವಷ್ಟರಲ್ಲಿ ದೊಡ್ಡ ಹಿತ್ತಾಳೆ ತಕ್ಕಡಿ ಹೋಯಿತು. ನಮಾಜಿಗೆ ನಿಂತು ಬಗ್ಗಿ ಏಳುವಷ್ಟರಲ್ಲಿ ಬಣ್ಣದ ಗಾಜಿನ ಎರಡು ಕಿಟಕಿ ಹೋದವು. ಒಂದು ಬೆಳಗ್ಗೆ ಮೆಟ್ಟಿಲಿನ ಕಟಾಂಜನವೇ ಇರಲಿಲ್ಲ. ಒಯ್ದವರನ್ನು ಬೈಯುವಂತೆಯೂ ಇರಲಿಲ್ಲ. ಅವರ ದೃಷ್ಟಿಯಲ್ಲಿ ಅದು ಬಿಟ್ಟುಹೋದದ್ದು. ಅದೇ ಕಟ್ಟಿಗೆಯನ್ನು ಒಬ್ಬ ತನ್ನ ದನದ ಕೊಟ್ಟಿಗೆಗೆ ಹಾಕಿಕೊಂಡು, ದಾರಿಯಲ್ಲಿ ಸಿಕ್ಕಾಗ, "ಭಾಳ ಗಟ್ಟಿ ಐತ್ರಿ ನಿಮ್ಮ ತೇಗಿನ ಕಟ್ಟಿಗಿ" ಎಂದು ಮೆಚ್ಚುಗೆಯಿಂದ ಹೇಳಿದ. ಹೀಗೇ ಬಿಟ್ಟರೆ ಬರುವ ಬೇಸಿಗೆಗೆ ಕಮಾನುಗಳ ಕಲ್ಲೂ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಓಣಿಯ ಹುಡುಗನೊಬ್ಬನ ಕೈಯಲ್ಲಿ ಹೇಳಿಕಳಿಸಿ ಬಾಳವ್ವನನ್ನು ಕರೆಸಿದೆ.

"ನಿನ್ನ ಒಲಿ ತಂದು ಈ ಮೂಡಣ ಬಾಗಲದಾಗ ಹಾಕ್ತೀಯೇನು?" ಎಂದು ಕೇಳಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಮೇಲೆ ನೋಡಿದಳು, ಕೆಳಗೆ ನೋಡಿದಳು. "ಸಾವ್ಕಾರ್ರು ರೇಶ್ಮಿ ಪತ್ತಲಾ ಮಾರಿದ ಜಾಗಾದಾಗ ನಾ ರೊಟ್ಟಿ ಬಡೀಲೇನು?"

"ಬಡಿ."

"ಹೊಗಿ ಹತ್ತಿ ಗ್ವಾಡಿ ಕರ್ರಗಾದ್ರ?"

"ಗ್ವಾಡಿ ಇದ್ರ ಕರ್ರಗಾಗತೈತಿ, ಬಾಳವ್ವ. ಗ್ವಾಡೀನ ಹೋತಂದ್ರ?"

ಮರುದಿನವೇ ಎರಡು ಒಲೆ, ಹಿಟ್ಟು ನಾದುವ ಕೊಣಮಿಗೆ, ಜೋಳದ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಬಂದಳು. ಜೊತೆಗೆ ರೊಟ್ಟಿ ಬಡಿಯುವ ಇನ್ನಿಬ್ಬರು ಹೆಂಗಸರು. ಅಷ್ಟು ವರ್ಷ ನಮ್ಮಿಬ್ಬರ ಕೂಗಷ್ಟೇ ಇದ್ದ ಅಂಗಳದಲ್ಲಿ ಪಟಪಟ ಎಂದು ರೊಟ್ಟಿ ಬಡಿಯುವ ಸಪ್ಪಳ ಎದ್ದಾಗ ನಾನು ಮಣೆಯ ಮೇಲೆ ಕೂತು ಸುಮ್ಮನೆ ಕೇಳಿದೆ. ಸಾವಕಾರರು ಇರಬೇಕಾಗಿತ್ತು ಎನಿಸಿತು.

ಪಡುವಣ ಬಾಗಿಲಿಗೆ ಟೇಲರ್ ಪುಂಡಲೀಕ ಬಂದ. ಅವನಿದ್ದ ಅಂಗಡಿ ಎಷ್ಟು ಇಕ್ಕಟ್ಟೆಂದರೆ ಅಳತೆ ಕೊಡುವವರು ರಸ್ತೆಯಲ್ಲಿ ನಿಲ್ಲಬೇಕಾಗಿತ್ತು. ಹಿಂದಿನ ಒಂದು ಬಾಗಿಲಲ್ಲಿ ನರ್ಸ್ ಎಸ್ತರಮ್ಮ ಪರದೆ ಕಟ್ಟಿ, ಒಂದು ಮಂಚ ಹಾಕಿ, ಕೈಕಾಲು ನೋವಿನವರಿಗೂ ಬಸುರಿಯರಿಗೂ ಔಷಧಿ ಕೊಡತೊಡಗಿದಳು. ಆ ವರ್ಷ ಮಳೆಗೆ ನೇಕಾರ ಓಣಿಯ ಗೋಡೆಗಳು ಕುಸಿದವು. ಅಲ್ಲಿಯ ಮನೆಗಳವರು ಮಗ್ಗದ ಸಮೇತ ನಮ್ಮ ಎರಡನೆಯ ಅಂತಸ್ತಿಗೆ ಬಂದರು. ಹಿಂದಿನ ಉಳಿದ ಎರಡು ಬಾಗಿಲು ಅವರ ಪಾಲಿಗೆ ಬಿದ್ದವು. ಮುಂಬಾಗಿಲು ನನಗೆ. ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿ, ಹಿಂದೆ ಸೀರೆಯ ನಮೂನೆಗಳನ್ನು ಹರಡಿ ತೋರಿಸುತ್ತಿದ್ದ ಉದ್ದ ಕೋಣೆಯಲ್ಲಿ, ಮಕ್ಕಳು ಓದಲು ಕೂತರು. ಬೆಳಕು ಅಲ್ಲಿಯಷ್ಟು ಎಲ್ಲಿಯೂ ಇರಲಿಲ್ಲ.

ಎಲ್ಲ ಸುಸೂತ್ರವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಬಾಳವ್ವನ ಹೊಗೆ ಅಂಗಳ ದಾಟಿ ಹೋಗಿ ಪುಂಡಲೀಕ ಹೊಲಿದಿಟ್ಟ ಮದುಮಗನ ಕೋಟಿಗೆ ಹತ್ತಿತು. "ಇದೇನು ಹೊಲಿದ ಕೋಟೋ, ಹುರಿದ ಕೋಟೋ?" ಎಂದು ಮದುಮಗನ ಕಡೆಯವರು ಜಗಳಕ್ಕೆ ಬಂದರು. ಪುಂಡಲೀಕ, ಬಾಳವ್ವ ಒಂದು ವಾರ ಮಾತು ಬಿಟ್ಟರು. ಮೇಲೆ ಮಗ್ಗ ಆಡಿದರೆ ಕೆಳಗೆ ಎಸ್ತರಮ್ಮನ ಔಷಧಿ ಬಾಟಲಿಗಳು ಕುಣಿಯುತ್ತಿದ್ದವು, ಗಾರೆಯ ಪುಡಿ ನನ್ನ ಸಾರಿನಲ್ಲಿ ಬೀಳುತ್ತಿತ್ತು. ಒಂದೊಂದಕ್ಕೂ ಕೂತು ದಾರಿ ಹುಡುಕಿದೆವು. ಹೊಗೆಗೆ ಗೋಡೆ ಕೊರೆದು ಗೂಡು ಕಟ್ಟಿದೆವು. ಮಗ್ಗಗಳ ಕಾಲಿಗೆ ಹಳೆಯ ಕಂಬಳಿ ಸುತ್ತಿದೆವು. ದನದ ಕೊಟ್ಟಿಗೆಯವನು ತಾನಾಗಿಯೇ ಬಂದು ಕಟಾಂಜನದ ಕಟ್ಟಿಗೆ ವಾಪಸು ಕೊಟ್ಟ. "ಈಗ ಇಲ್ಲೆ ಮಂದಿ ಕುಂತಾರಲ್ರಿ, ಇಟ್ಕೊಂಡ್ರ ಛಲೋ ಅಲ್ಲ," ಎಂದ. ಯಾರೂ ಕೇಳದಿದ್ದರೂ ಒಂದೊಂದಾಗಿ ಸಾಮಾನು ಹಿಂದೆ ಬರತೊಡಗಿತು. ತಕ್ಕಡಿಯ ಒಂದು ಪರಡಿ ಮಾತ್ರ ಇವತ್ತಿಗೂ ಬಂದಿಲ್ಲ.

ಆಮೇಲೆ ನೇಕಾರರ ಮನೆಯ ಒಬ್ಬ ಹುಡುಗಿಯ ಮದುವೆ ಬಂತು. ಅಂಗಳದಲ್ಲಿಯೇ ಹಂದರ ಹಾಕಿದರು. ಮನೆ, ಮಂಟಪ, ಹೊಸ್ತಿಲು ಎಲ್ಲ ಒಂದೇ ಸೂರಿನಡಿ ಇದ್ದುದರಿಂದ ಯಾರೂ ಹಿಂದೆ ಉಳಿಯಬೇಕಾಗಲಿಲ್ಲ. ಫೋಟೋದವನು ಕ್ಯಾಮೆರಾ ಹಿಡಿದು ನಿಂತವನು, ರೂಢಿಯಂತೆ, "ಯಾರು ಇಲ್ಲ?" ಎಂದು ಕೇಳಿದ. "ಎಲ್ಲಾರೂ ಅದೀವಿ," ಎಂದರು. ಅವನು ಮತ್ತೆ ಕೇಳಿದ. ಹುಡುಗಿಯ ತಂದೆ ತನ್ನವರನ್ನೆಲ್ಲ ಒಂದು ಸಲ ನೋಡಿ, "ಎಲ್ಲಾರೂ ಅದೀವೋ ತಮ್ಮಾ, ತೆಗಿ," ಎಂದ. ಅಷ್ಟು ಜನರನ್ನು ಒಂದು ಚೌಕಟ್ಟಿನಲ್ಲಿ ಹಿಡಿಸುವ ರೂಢಿ ಇಲ್ಲದ ಫೋಟೋದವನು ಹಿಂದೆ ಹಿಂದೆ ಸರಿದು ಬಾಳವ್ವನ ಹಿಟ್ಟಿನ ಡಬ್ಬಿಯ ಮೇಲೆ ಕೂತುಬಿಟ್ಟ.

ಮಹಾನಂದಾ ಅಕ್ಕಾರು ಬಂದದ್ದು ಆ ಹಂದರ ಬಿಚ್ಚುವ ಹೊತ್ತಿಗೆ. ಕೈಯಲ್ಲಿ ಸಣ್ಣ ಚೀಲ. ಮುಂಬಾಗಿಲಲ್ಲಿ ನನ್ನನ್ನು ಕಂಡು ನಮಸ್ಕಾರ ಮಾಡಿದರು. ಒಳಗೆ ಬಂದು ಒಲೆ, ಮಗ್ಗ, ಪರದೆ, ಒಣಗಿಸಿದ ಬಟ್ಟೆ ಎಲ್ಲವನ್ನೂ ನೋಡುತ್ತ ನಿಂತರು. ಎಲ್ಲರನ್ನೂ ಅಂಗಳಕ್ಕೆ ಕರೆಸಿದರು.

"ನಿಮಗ ಹೇಳದ ಮಾಡಬಾರದಂತ ಬಂದೀನಿ," ಎಂದರು. "ತಗೋಳೋರು ಸಿಕ್ಕಾರ. ಇದನ್ನ ಕೆಡವಿ ಬಯಲು ಮಾಡ್ತಾರಂತ, ಬರೇ ಲಾರಿ ನಿಲ್ಲಾಕ. ಈ ತಿಂಗಳ ಕಡಿಗೆ ಎಲ್ಲಾರೂ ಬ್ಯಾರೆ ಜಾಗಾ ನೋಡ್ಕೋರಿ."

ಬಾಳವ್ವ, "ಗ್ವಾಡಿ ಕರ್ರಗಾತಂತ ಸಿಟ್ಟೇನವ್ವ?" ಎಂದು ಕೇಳಿದಳು.

"ಸಿಟ್ಟು ನಿಮ್ಮ ಮ್ಯಾಲಲ್ಲ," ಎಂದರು ಅಕ್ಕಾರು. "ಈ ಕಟ್ಟಡಾ ಇರೂತನಕ ಇಲ್ಲೆ ಒಬ್ಬರು ಕುಂದ್ರಬೇಕು. ನಮ್ಮಪ್ಪ ನನ್ನ ಮದುವಿಗೆ ಬರಲಿಲ್ಲ. ನಮ್ಮವ್ವ ದವಾಖಾನ್ಯಾಗ ಇದ್ದಾಗ ಬರಲಿಲ್ಲ. ಮೊಮ್ಮಕ್ಕಳ ಮಾರಿ ನೋಡಾಕ ಬರಲಿಲ್ಲ. ಈಗ ಈ ಸಾಬ್ರು ಕುಂತಾರ. ಇವರ ಹಿಂದ ಇನ್ನೊಬ್ಬರು. ಸಾಕು."

ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಾವಕಾರರು ಕೂತದ್ದನ್ನು ಊರೆಲ್ಲ ನೋಡಿತ್ತು. ಜನ ತಲೆ ತಗ್ಗಿಸಿ ತಮ್ಮ ತಮ್ಮ ಬಾಗಿಲಿಗೆ ಹೋದರು. ವ್ಯವಹಾರ ಮುಗಿಯುವವರೆಗೆ ಅಕ್ಕಾರು ಮೇಲೆ ತಂದೆಯ ಕೋಣೆಯಲ್ಲಿ ಉಳಿದರು.

ಅದೇ ವಾರ ಬಸ್ಸಿನ ಕಂಡಕ್ಟರ್ ನನಗೊಂದು ಸುದ್ದಿ ತಂದ. ನನ್ನ ಅಕ್ಕ ಹಜ್‌ಗೆ ಹೊರಟಿದ್ದಳು. ತಾಯಿ ಸತ್ತ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆ. ಹಜ್‌ಗೆ ಹೋಗುವವರು ತಮ್ಮವರನ್ನೆಲ್ಲ ಕಂಡು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಹೇಳಿ ಹೋಗುವ ಪದ್ಧತಿ. "ತಮ್ಮನ ಮಾರಿ ನೋಡದ ನಾ ವಿಮಾನಾ ಹತ್ತೂದಿಲ್ಲ" ಎಂದು ಹೇಳಿಕಳಿಸಿದ್ದಳು. ಈ ಊರಿಗೆ ಬಂದ ಮೇಲೆ ನಾನು ಆಕೆಯ ಊರಿಗೆ ಹೋಗಿಯೇ ಇರಲಿಲ್ಲ. ಪೇಟೆಯ ಆಚೆಗೇ ಹೋದವನಲ್ಲ.

ಚಪ್ಪಲಿ ಮೆಟ್ಟಿ ಹೊಸ್ತಿಲವರೆಗೆ ಬಂದೆ. ಕಾಲು ಮುಂದಕ್ಕೆ ಬರಲಿಲ್ಲ. ನಾಚಿಕೆಯ ಮಾತು, ಆದರೆ ನಿಜ. ಆಚೆ ಕಾಲಿಟ್ಟರೆ ಬೆನ್ನ ಹಿಂದೆ ಏನೋ ಕಟಕ್ಕೆಂದು ಬಿಚ್ಚಿಕೊಳ್ಳುತ್ತದೆ ಎಂದೇ ಅನಿಸುತ್ತಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕಾರು ಇದನ್ನೆಲ್ಲ ನೋಡುತ್ತಿದ್ದರು.

"ಹೋಗೂದಿಲ್ಲ ಹೌದಿಲ್ಲೋ ಸಾಬ್ರ?" ಎಂದರು. ಅಣಕವಲ್ಲ, ದಣಿದ ದನಿ. "ನಮ್ಮಪ್ಪನೂ ಹಿಂಗ ನಿಲ್ತಿದ್ರು."

ಬಾಳವ್ವ ಒಲೆ ಬಿಟ್ಟು ಎದ್ದುಬಂದು, ಬುತ್ತಿಯ ಗಂಟೊಂದನ್ನು ನನ್ನ ಕೈಯಲ್ಲಿಟ್ಟು, ಭುಜ ಹಿಡಿದು ರಸ್ತೆಯ ಕಡೆ ತಿರುಗಿಸಿದಳು. "ಬಸ್ಸು ತಪ್ಪತೈತಿ, ನಡಿ ಅಣ್ಣಾ. ಅಕ್ಕಾರು ಕುಂದ್ರತಾರ. ಅವರಪ್ಪನ ಬಾಗಲಾ, ಅವರಿಗೇನು ಹೊಸಾದೇನು?"

ನಾನು ಹೊರಟೆ. ಬಸ್ಸಿನ ಕಿಟಕಿಯಿಂದ ಕಮಾನುಗಳು ಕಾಣುವವರೆಗೆ ಹಿಂದಕ್ಕೆ ನೋಡುತ್ತಲೇ ಇದ್ದೆ.

ಮುಂದಿನದನ್ನು ನಾನು ಕಂಡಿಲ್ಲ, ಬಾಳವ್ವ ಹೇಳಿದ್ದು. ಅಕ್ಕಾರು ಮುಂಬಾಗಿಲಲ್ಲಿ ಕೂತರಂತೆ. ತಂದೆಯ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಅತ್ತಿತ್ತ ನೋಡದೆ. ಊಟಕ್ಕೆ ಕರೆದರೆ ಏಳಲಿಲ್ಲ. "ಎದ್ರ ಯಾರು ನೋಡ್ತಾರ?" ಎಂದರಂತೆ. ಬಾಳವ್ವ ತಾಟನ್ನು ಅಲ್ಲಿಗೇ ಒಯ್ದು ಕೊಟ್ಟಳು. ಮರುದಿನ ಮುಂಜಾನೆ, ನೇಕಾರರ ಮನೆಯ ಕಾಶವ್ವಜ್ಜಿ ಮೆಟ್ಟಿಲು ಹತ್ತಲಾಗದೆ, ಗಂಟು ಎಳೆಯುವ ತೊಟ್ಟಿಲಲ್ಲಿ ಕೂತು ಮೇಲಕ್ಕೆ ಹೋಗುತ್ತಿದ್ದಾಗ ಹಗ್ಗ ರಾಟೆಯಿಂದ ಜಾರಿ ಸಿಕ್ಕಿಕೊಂಡಿತು. ಗೂಡು ಎರಡು ಅಂತಸ್ತಿನ ನಡುವೆ ಓರೆಯಾಗಿ ನಿಂತಿತು. ಅಜ್ಜಿ ಮೇಲಿಂದ ಕೂಗಿಕೊಂಡಳು. ಎಲ್ಲರಿಗಿಂತ ಮೊದಲು ಓಡಿದವರು ಅಕ್ಕಾರು. ಸಣ್ಣವರಿದ್ದಾಗ ಅದೇ ತೊಟ್ಟಿಲಲ್ಲಿ ಕದ್ದು ಕೂತು ಆಡಿದವರಂತೆ. ರಾಟೆ ಯಾವ ಕಡೆ ತಿರುಗುತ್ತದೆ ಎಂಬುದು ಗೊತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇಕಾರರ ಜೊತೆ ಹಗ್ಗ ಹಿಡಿದು ಜಗ್ಗಿ ಜಗ್ಗಿ, ಅಂಗೈ ಕೆಂಪಾಗಿ, ಅಂತೂ ಅಜ್ಜಿಯನ್ನು ಮಹಡಿಗೆ ತಂದರು. ನೀರು ಕುಡಿಸಿದರು. ಕಾಲು ತಿಕ್ಕಿದರು. ಅಜ್ಜಿ ಅವರ ಕೈ ಹಿಡಿದುಕೊಂಡು ತನ್ನ ಸಂಸಾರದ ಕಥೆಯನ್ನೆಲ್ಲ ಹೇಳಿದಳು, ಅವರು ಕೇಳಿದರು.

ಬಾಗಿಲಿನ ನೆನಪಾದದ್ದು ಆಮೇಲೆ. ಮೆಟ್ಟಿಲಿಳಿದು ಓಡಿಬಂದರಂತೆ. ನೋಡಿದರೆ ಮುಂಬಾಗಿಲಲ್ಲಿ ಪುಂಡಲೀಕ ಕೂತಿದ್ದ. ಹೊಲಿಗೆ ಮಷೀನನ್ನೇ ಅಲ್ಲಿಗೆ ಎಳೆದು ತಂದು, ಯಾರದೋ ಕುಪ್ಪಸಕ್ಕೆ ತೋಳು ಹಚ್ಚುತ್ತಿದ್ದ. ಅವನ ಬಾಗಿಲಲ್ಲಿ ಎಸ್ತರಮ್ಮ ಕೂತಿದ್ದಳು. ಎಸ್ತರಮ್ಮನ ಬಾಗಿಲಲ್ಲಿ ಔಷಧಿಗೆ ಬಂದಿದ್ದ ಒಬ್ಬ ಬಸುರಿ ಹುಣಸೆಹಣ್ಣು ಚೀಪುತ್ತ ಕೂತಿದ್ದಳು.

"ನಿನಗ ಯಾರು ಹೇಳಿದ್ರೋ ಕುಂದ್ರಾಕ?" ಎಂದು ಅಕ್ಕಾರು ಪುಂಡಲೀಕನನ್ನು ಕೇಳಿದರು.

"ಯಾರೂ ಹೇಳಲಿಲ್ಲರಿ. ನೀವು ಎದ್ರಿ, ನಾ ಕುಂತ್ನಿ," ಎಂದ ಅವನು, ಸೂಜಿಯಿಂದ ಕಣ್ಣೆತ್ತದೆ.

ಅವರು ಆರೂ ಬಾಗಿಲುಗಳ ಕಡೆ ಒಮ್ಮೆ ನೋಡಿದರಂತೆ. ಆಮೇಲೆ, "ನಮ್ಮಪ್ಪ ಇದ್ದಾಗ ಯಾಕ ಹಿಂಗ ಬರಲಿಲ್ಲೋ ಪುಂಡಲೀಕ?" ಎಂದರು.

ಆಗ ಅವನು ಮಷೀನು ನಿಲ್ಲಿಸಿದ. "ಸಾವ್ಕಾರ್ರು ಯಾರಿಗೂ ಬಾ ಅನ್ನಲಿಲ್ಲರಿ ಅಕ್ಕಾರ. ಅಷ್ಟ ದೊಡ್ಡ ಮನಶಾಗ, ನಾ ಕುಂದ್ರತೀನಿ ನೀವು ಏಳ್ರಿ ಅನ್ನಾಕ ನಮಗೂ ಧೈರ್ಯ ಆಗಲಿಲ್ಲ. ಇಬ್ಬರದೂ ತಪ್ಪು ಐತ್ರಿ."

ಅಂದು ಮಧ್ಯಾಹ್ನ ಅಕ್ಕಾರು ಬಾಳವ್ವನ ಒಲೆಯ ಮುಂದೆ ಎಲ್ಲರೊಡನೆ ಪಂಕ್ತಿಯಲ್ಲಿ ಕೂತು ಉಂಡರು. ಉಣ್ಣುತ್ತಲೇ ಅತ್ತರು. ತಂದೆ ಹೋದಾಗ ಬಾರದ ಅಳು ಆಗ ಬಂತು ಎಂದು ಬಾಳವ್ವ ಹೇಳಿದಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ತಾಟಿಗೆ ಮತ್ತೊಂದು ಬಿಸಿರೊಟ್ಟಿ ಹಾಕಿದರು.

ನಾನು ಅಕ್ಕನನ್ನು ಬೀಳ್ಕೊಟ್ಟು ತಿರುಗಿ ಬಂದಾಗ ಬಿಸಿಲು ಬಾಡಿತ್ತು. ಬಸ್ಸಿನಿಂದ ಇಳಿದವನೇ ಓಡುವ ಹಾಗೆ ನಡೆದೆ. ದೂರದಿಂದ ಆ ಕಮಾನುಗಳು ಕಂಡವು, ಬಾಗಿಲುಗಳು ತೆರೆದಿದ್ದವು, ಒಳಗಿನ ಗದ್ದಲ ರಸ್ತೆಗೆ ಕೇಳುತ್ತಿತ್ತು. ಮುಂಬಾಗಿಲಲ್ಲಿ ಅಕ್ಕಾರು ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದರು. ಬೆನ್ನು ಕಂಬಕ್ಕೆ ಒರಗಿತ್ತು.

"ಬಂದ್ರೇನು ಸಾಬ್ರ? ಅಕ್ಕ ಹೆಂಗದಾರ?"

"ವಿಮಾನಾ ಹತ್ತಾಕ ಅಂಜ್ತಾಳ್ರಿ. ಅದೊಂದು ಬಿಟ್ರ ಎಲ್ಲಾ ಛಲೋ."

ಅವರು ನಕ್ಕರು. ಸಾವಕಾರರ ನಗೆಯೇ ಅದು. ಅಷ್ಟು ದಿನ ನಾನು ಗಮನಿಸಿರಲಿಲ್ಲ. "ಕೊಡೂದಿಲ್ಲಂತ ಆ ಮಂದಿಗೆ ಹೇಳಿ ಕಳಿಸೀನಿ," ಎಂದರು. "ಇದು ಇನ್ನ ಕುಂತವರದು. ಬಾಗಲಕ್ಕ ಒಬ್ಬರಂಗ ಕೂಡಿ ನೀವ ನೋಡ್ಕೋರಿ. ನನಗ ಅಪ್ಪನ ಖೋಲಿ ಒಂದು ಇರಲಿ. ರಜಾದಾಗ ಬರ್ತೀನಿ."

ನಾನು ಕೈಮುಗಿದೆ.

ಅವರು ಮೊರ ಕೆಳಗಿಟ್ಟು ಕೇಳಿದರು: "ನಮ್ಮಪ್ಪ ನನ್ನ ಹೆಸರ ಎಂದಾರ ತಗೀತಿದ್ರೇನು?"

"ದಿನಾ ತಗೀತಿದ್ರು. ಒದರಿ ಹೇಳ್ತಿದ್ರು. ಈ ಕಂಬಾ, ಮೆಟ್ಟಲಾ, ಮ್ಯಾಲಿನ ಗಾಜು, ಎಲ್ಲಾಕ್ಕೂ ನಿಮ್ಮ ಹೆಸರ ಗೊತ್ತೈತಿ ಅಕ್ಕಾರ. ಮನಶಾರು ಕೇಳಾಕ ನಾ ಒಬ್ಬನ ಇದ್ನಿ."

ಅವರು ಹೌದೆಂಬಂತೆ ತಲೆಯಾಡಿಸಿ, ಜೋಳದಲ್ಲಿ ಒಂದೆರಡು ಹರಳು ಹೆಕ್ಕಿದರು. ನಾನು ಚೀಲ ಇಳಿಸಿ ನನ್ನ ಜಾಗದಲ್ಲಿ ಕೂರಲು ಹೋದೆ. "ಇರ್ಲಿ," ಎಂದರು, "ನಾ ಇನ್ನೂ ಕುಂತಿರ್ತೀನಿ. ನೀವು ತಿರುಗಾಡಿ ಬರ್ರಿ."

ಎಲ್ಲಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ. ಈ ಊರಿಗೆ ಪಡುವಣಕ್ಕೆ ಒಂದು ಕೆರೆ ಇದೆ, ದಂಡೆಯಲ್ಲಿ ಹುಣಸೆಮರಗಳಿವೆ ಎಂದು ಜನ ಹೇಳುವುದನ್ನು ಕೇಳಿದ್ದೆ. ದಾರಿ ಕೇಳುತ್ತ ಹೋದೆ. ಅಷ್ಟು ನೀರು ಇಷ್ಟು ಹತ್ತಿರದಲ್ಲಿ ಇತ್ತೆಂದು ಅಂದೇ ತಿಳಿದದ್ದು. ಹೆಂಗಸರು ಕೊಡ ತೊಳೆಯುತ್ತಿದ್ದರು, ಒಬ್ಬ ತನ್ನ ಎತ್ತಿನ ಮೈ ಉಜ್ಜುತ್ತಿದ್ದ. ಸೂರ್ಯ ಮುಳುಗಿದ ಮೇಲೆ ಕೆರೆಯ ನೀರಿನಲ್ಲಿ ಕೈಕಾಲು, ಮುಖ ತೊಳೆದು, ಒಂದು ಮರದ ಕೆಳಗೆ ಟವೆಲ್ ಹಾಸಿ ನಮಾಜು ಮಾಡಿದೆ. ಬೆನ್ನ ಹಿಂದೆ ಏನಾಗುತ್ತಿದೆ ಎಂದು ನೋಡಬೇಕೆನಿಸಲಿಲ್ಲ. ಮುಗಿಸಿ ದುವಾಕ್ಕೆ ಕೈ ಎತ್ತಿದೆ. ಅಷ್ಟು ವರ್ಷ ಕೈ ಎತ್ತಿದಾಗಲೆಲ್ಲ ಏನಾದರೊಂದು ಕೇಳುವುದಿರುತ್ತಿತ್ತು. ಅಂದು ಕೇಳಲು ಏನೂ ಹೊಳೆಯಲಿಲ್ಲ. ಕೈ ಇಳಿಸಲೂ ಮನಸ್ಸಾಗದೆ, ಒಬ್ಬೊಬ್ಬರ ಹೆಸರಷ್ಟೇ ಹೇಳುತ್ತ ಹೋದೆ, ಸಾವಕಾರರಿಂದ ಶುರುಮಾಡಿ. ಮುಗಿಯುವಾಗ ಕೆರೆಯ ದಂಡೆಯಲ್ಲಿ ಯಾರೂ ಉಳಿದಿರಲಿಲ್ಲ.